ಪಿಗ್ಮಿ ಕಟ್ಟಿದ ಹಾಗೆ ಬ್ರಹ್ಮಾಂಡ ಓದುವುದು

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಪಿಗ್ಮಿ ಮೆಶಿನ್ ಇರುತ್ತದೆ, ರೈನ್‌ಕೋಟ್ ಇರುತ್ತದೆ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದ ಒಂದು ಪುಸ್ತಕವೂ ಇರುತ್ತದೆ. ಮೆಶಿನ್ ಹೊಟ್ಟೆಪಾಡಿಗೆ. ರೈನ್‌ಕೋಟ್ ಉಡುಪಿಯ ಮಳೆಗೆ. ಪುಸ್ತಕ ಎಂತಕ್ಕೆ ಅಂತ ನನ್ನ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ಅದರಲ್ಲಿ ನಕ್ಷತ್ರ, ಕಪ್ಪು ಕುಳಿ, ಗುರುತ್ವ ಇಂಥದ್ದೇ ಇರುತ್ತದೆ ಅಂದಾಗ ಮುಂದಿನ ಪ್ರಶ್ನೆ ಗ್ಯಾರಂಟಿ: "ನಿಮಗೆ ಅದೆಲ್ಲ ಅರ್ಥ ಆಗ್ತದಾ ಮಾರಾಯ್ರೆ?"

ಸ್ವಲ್ಪ ಆಗುತ್ತದೆ. ನಾನು ಬಿ.ಕಾಂ. ಭೌತಶಾಸ್ತ್ರ ಓದಿದ್ದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಸಹಕಾರಿ ಸಂಘವೊಂದಕ್ಕೆ ಪಿಗ್ಮಿ, ಅಂದರೆ ಜನ ದಿನಾ ಕಟ್ಟುವ ಸಣ್ಣ ಉಳಿತಾಯದ ದುಡ್ಡು, ಸಂಗ್ರಹ ಮಾಡುತ್ತೇನೆ. ಆದರೂ ಹನ್ನೆರಡು ವರ್ಷಗಳಲ್ಲಿ ಈ ವಿಷಯದ ಇಪ್ಪತ್ತೆರಡು ಪುಸ್ತಕ ಓದಿ ಮುಗಿಸಿದ್ದೇನೆ. ಅದರಲ್ಲಿ ಐದನ್ನು ಎರಡೆರಡು ಸಲ. ವಿಜ್ಞಾನಿಗಳು ಓದುವ ಕ್ರಮ ಬೇರೆ ಇರಬಹುದು. ಲೆಕ್ಕ ಬರೆಯುವವನೊಬ್ಬ ಹೇಗೆ ಓದುತ್ತಾನೆ ಅನ್ನುವುದನ್ನು ಹೇಳುತ್ತೇನೆ. ನಿಮಗೆ ಹೊಂದಿದಷ್ಟು ತೆಗೆದುಕೊಳ್ಳಿ.

ದಿನಕ್ಕೆ ನಾಲ್ಕು ಪುಟ

ಮೊದಲ ಪುಸ್ತಕದಲ್ಲಿ ನಾನು ಸೋತೆ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಇವತ್ತು ಇದನ್ನು ಮುಗಿಸಿಯೇ ಏಳುವುದು ಅಂತ ಕೂತೆ. ಮಧ್ಯಾಹ್ನದ ಹೊತ್ತಿಗೆ ಅರುವತ್ತನೇ ಪುಟ. ಅಲ್ಲಿ ದೇಶ-ಕಾಲ, ಅಂದರೆ ಜಾಗ ಮತ್ತು ಸಮಯ ಸೇರಿದ್ದು, ಬಾಗುತ್ತದೆ ಅಂತ ಶುರುವಾಯಿತು. ಅದು ಬಾಗಿತು, ನನ್ನ ಕುತ್ತಿಗೆಯೂ ಬಾಗಿತು. ಎರಡು ವರ್ಷ ಆ ಪುಸ್ತಕ ಟಿ.ವಿ. ಕೆಳಗೆ ಸೆಟ್‌ಟಾಪ್ ಬಾಕ್ಸಿಗೆ ಮಣೆಯಾಗಿತ್ತು.

ಮತ್ತೆ ಒಂದು ದಿನ ನನ್ನ ಕೆಲಸವೇ ನನಗೆ ದಾರಿ ತೋರಿಸಿತು. ಪಿಗ್ಮಿ ಹುಟ್ಟಿದ್ದು ಇದೇ ನಮ್ಮ ಊರಿನಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಅದನ್ನು 1928ರಲ್ಲಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆಗೇ ಐದು ಸಾವಿರ ಕಟ್ಟಿ ಅಂದರೆ ಕಟ್ಟಲಾಗದವರು ದಿನಕ್ಕೆ ಐವತ್ತು ಸಲೀಸಾಗಿ ಕಟ್ಟುವುದನ್ನು ನಾನು ದಿನಾ ನೋಡುತ್ತೇನೆ. ಓದಿಗೂ ಅದನ್ನೇ ಮಾಡಿದೆ. ದಿನಕ್ಕೆ ನಾಲ್ಕು ಪುಟ. ಐದನೆಯದು ಬೇಡ, ಎಷ್ಟು ಆಸೆಯಾದರೂ. ಆ ಐದನೇ ಪುಟದ ಆಸೆಯೇ ನಾಳೆ ಪುಸ್ತಕ ತೆರೆಸುತ್ತದೆ. ಭಾನುವಾರ ಹೊಸ ಪುಟ ಇಲ್ಲ. ವಾರದ ಇಪ್ಪತ್ತನಾಲ್ಕು ಪುಟವನ್ನು ಇನ್ನೊಮ್ಮೆ ಓದುವುದು.

ಅರ್ಥವಾಗದ ಕಡೆ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಅಲ್ಲೇ ಕೂತು ತಲೆ ಕೆಡಿಸಿಕೊಳ್ಳಬೇಡಿ. ಭಾನುವಾರ ನೋಡುವಾಗ ಅರ್ಧ ಪ್ರಶ್ನೆಗಳು ತಾವಾಗಿ ಬಿದ್ದು ಹೋಗಿರುತ್ತವೆ, ಯಾಕೆಂದರೆ ಉತ್ತರ ಎರಡು ಪುಟ ಮುಂದೆ ಇತ್ತು. ಲೈಬ್ರರಿ ಪುಸ್ತಕವಾದರೆ ಪೆನ್ಸಿಲ್ ಕೂಡ ಬೇಡ, ಬಸ್ ಟಿಕೆಟ್ ಇಡಿ. ಒಂದೇ ಪುಟದಲ್ಲಿ ಮೂರು ಪ್ರಶ್ನೆ ಬಿದ್ದರೆ ತಪ್ಪು ನಿಮ್ಮದಲ್ಲ, ಬರೆದವರದು. ಆ ಅಧ್ಯಾಯ ಹಾರಿಸಿ.

ಇನ್ನೊಂದು ಅಭ್ಯಾಸ. ನನ್ನ ದಾರಿಯಲ್ಲಿ ಒಂದು ಹೂವಿನಂಗಡಿ ಇದೆ. ಅಲ್ಲಿಯ ಅಕ್ಕ ಒಂದು ಚೆಂಡು ಶಂಕರಪುರ ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ನಾರು ಬಿಗಿಯುವುದಕ್ಕೆ ಅರ್ಧ ನಿಮಿಷ ಬೇಕು. ಅಷ್ಟರೊಳಗೆ ನಾನು ಹಿಂದಿನ ದಿನ ಓದಿದ್ದನ್ನು ಅವರಿಗೆ ಹೇಳಬೇಕು. ಹೇಳಲಾಗದಿದ್ದರೆ ನನಗೆ ಅರ್ಥವಾಗಿಲ್ಲ ಅಂತ ಲೆಕ್ಕ. ಅವರು ಏಳನೇ ಕ್ಲಾಸು. ಆದರೆ ಅವರು ಕೇಳುವ ಪ್ರಶ್ನೆಗಳು ಬಲು ಚೂಪು. ಬೆಳಕು ಹೊರಟು ಎಷ್ಟೋ ವರ್ಷವಾಯಿತು ಅಂದಾಗ, "ಹಾಗಾದ್ರೆ ಆ ನಕ್ಷತ್ರ ಈಗ ಉಂಟಾ ಇಲ್ವಾ?" ಅಂತ ಕೇಳಿದವರು ಅವರೇ. ನಿಮಗೂ ಇಂಥ ಒಬ್ಬರು ಬೇಕು.

ಪುಸ್ತಕದ ವಯಸ್ಸು ನೋಡಿ

ಕೊಳ್ಳುವಾಗ ಮುಖಪುಟ ನೋಡಿ ಮರುಳಾಗಬೇಡಿ. ಸುಂಟರಗಾಳಿಯಂಥ ಗೆಲಕ್ಸಿಯ, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪಿನ, ಚಿತ್ರ ಎಲ್ಲ ಪುಸ್ತಕದ ಮೇಲೂ ಇರುತ್ತದೆ. ಮಧ್ಯದ ಒಂದು ಪುಟ ತೆರೆದು ನಿಂತಲ್ಲೇ ಓದಿ. ಬರೆದವರು ಕೈಗೆ ಸಿಗುವ ಯಾವುದಾದರೂ ವಸ್ತು ಹಿಡಿದು ವಿವರಿಸುತ್ತಾರಾ, ಅಥವಾ ಅದ್ಭುತ, ವಿಸ್ಮಯ, ಅಗಾಧ ಅಂತ ಬರೀ ಬಾಯಿ ತೆರೆದು ನಿಂತಿದ್ದಾರಾ? ಎರಡನೆಯದಾದರೆ ಕಪಾಟಿಗೆ ವಾಪಸ್ಸು ಇಟ್ಟುಬಿಡಿ.

ಆಮೇಲೆ ಮೊದಲು ಮುದ್ರಣವಾದ ವರ್ಷ ನೋಡಿ. ಇದು ಬಹಳ ಮುಖ್ಯ. 1995ಕ್ಕಿಂತ ಹಿಂದಿನ ಪುಸ್ತಕಕ್ಕೆ ಸೂರ್ಯನಂಥ ಬೇರೆ ನಕ್ಷತ್ರಕ್ಕೂ ಗ್ರಹ ಸುತ್ತುತ್ತದೆ ಅನ್ನುವುದು ಊಹೆ ಮಾತ್ರ. 1998ಕ್ಕಿಂತ ಹಿಂದಿನದಕ್ಕೆ ಬ್ರಹ್ಮಾಂಡ ಹಿಗ್ಗುವ ವೇಗ ಜಾಸ್ತಿಯಾಗುತ್ತಿದೆ ಅಂತ ಗೊತ್ತಿಲ್ಲ. 2006ಕ್ಕಿಂತ ಹಿಂದಿನದರಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹ. ಹಾಗಂತ ಹಳೆಯದನ್ನು ರದ್ದಿಗೆ ಹಾಕಬೇಡಿ. ನ್ಯೂಟನ್ನನ ಗುರುತ್ವ, ಗ್ರಹಣ, ಉಬ್ಬರ ಇಳಿತ ಇವೆಲ್ಲ ಹಳತಾಗುವುದಿಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದಿದ್ದರು. ಲೈಬ್ರರಿಯಲ್ಲಿ ಸಿಕ್ಕಿದರೆ ಸುಮ್ನೆ ಒಂದು ಸಂಪುಟ ಎತ್ತಿ ನೋಡಿ. ಒಬ್ಬ ಮನುಷ್ಯ ಇಷ್ಟೆಲ್ಲ ಕೂತು ಬರೆದರಲ್ಲ ಅನ್ನಿಸುತ್ತದೆ.

ಹಳೆಯ ಕನ್ನಡ ಪುಸ್ತಕಗಳಲ್ಲಿ ಒಂದು ತೊಡಕು ಇದೆ. ಒಂದೇ ವಸ್ತುವಿಗೆ ನಾಲ್ಕು ಹೆಸರು. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರಕ್ಕೆ ಒಬ್ಬರು ಜ್ಯೋತಿರ್ವರ್ಷ ಅನ್ನುತ್ತಾರೆ, ಇನ್ನೊಬ್ಬರು ಬೆಳಕಿನ ವರ್ಷ. ಕಪ್ಪು ಕುಳಿ, ಕೃಷ್ಣರಂಧ್ರ, ಕಪ್ಪು ರಂಧ್ರ ಮೂರೂ ಒಂದೇ, ಬೆಳಕನ್ನೂ ಹೊರಗೆ ಬಿಡದಷ್ಟು ಗುರುತ್ವ ಇರುವ ಜಾಗ. 'ನೀಹಾರಿಕೆ'ಯಂತೂ ಕೆಲವರಿಗೆ ಅನಿಲದ ಮೋಡ, ಕೆಲವರಿಗೆ ಇಡೀ ಗೆಲಕ್ಸಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇದಕ್ಕೊಂದು ಪಟ್ಟಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನನ್ನ ಹಾಗೆ ಒಂದೇ ವಸ್ತುವನ್ನು ಮೂರು ವಸ್ತು ಅಂತ ತಿಳಿದು ಮೂರು ತಿಂಗಳು ಓಡಾಡುತ್ತೀರಿ.

ಸೊನ್ನೆಗಳ ಲೆಕ್ಕ

ಈಗ ನಾನು ಮಾನ ಕಳೆದುಕೊಂಡ ಕಥೆ. ಬ್ರಹ್ಮಾಂಡಕ್ಕೆ 13.8 ಬಿಲಿಯನ್ ವರ್ಷ ಅಂತ ಓದಿದ್ದೆ. ಬಿಲಿಯನ್ ಅಂದರೆ ಹತ್ತು ಕೋಟಿ ಇರಬೇಕು ಅಂತ ನಾನೇ ತೀರ್ಮಾನ ಮಾಡಿ, 138 ಕೋಟಿ ವರ್ಷ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಊರಿಡೀ ಹೇಳಿಕೊಂಡು ಬಂದೆ. ಒಂದು ವರ್ಷ ಯಾರೂ ತಪ್ಪು ಅನ್ನಲಿಲ್ಲ. ಆಮೇಲೆ ಬೇರೆ ಪುಸ್ತಕದಲ್ಲಿ ಭೂಮಿಯ ವಯಸ್ಸು 454 ಕೋಟಿ ವರ್ಷ ಅಂತ ಬಂತು. ಅಂದರೆ ಅಪ್ಪನಿಗಿಂತ ಮಗ ದೊಡ್ಡವ! ಆ ರಾತ್ರಿ ನನಗೆ ನಿದ್ರೆ ಇಲ್ಲ. ಕ್ಯಾಶು ಐದು ರೂಪಾಯಿ ತಾಳೆಯಾಗದಿದ್ದರೆ ಹೊಟ್ಟೆಯಲ್ಲಿ ಆಗುವ ಸಂಕಟ ಉಂಟಲ್ಲ, ಅದೇ.

ಬಿಲಿಯನ್ ಅಂದರೆ ನೂರು ಕೋಟಿ. ಬ್ರಹ್ಮಾಂಡಕ್ಕೆ ಸುಮಾರು 1,380 ಕೋಟಿ ವರ್ಷ. ಒಂದು ಸೊನ್ನೆ ನುಂಗಿದ್ದೆ.

ಮಜಾ ಏನು ಗೊತ್ತಾ? ಆಮೇಲೆ ಓದಿದರೆ ಇದೇ ಪೇಚಿಗೆ ನಿಜವಾದ ವಿಜ್ಞಾನಿಗಳೂ ಸಿಕ್ಕಿಬಿದ್ದಿದ್ದರು. 1929ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಗೆಲಕ್ಸಿಗಳು ದೂರ ಓಡುವುದನ್ನು ತೋರಿಸಿದಾಗ, ಅವರ ಲೆಕ್ಕದ ಪ್ರಕಾರ ಬ್ರಹ್ಮಾಂಡದ ವಯಸ್ಸು ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ಕಲ್ಲುಗಳು ಅದಕ್ಕಿಂತ ಹಳೆಯವು ಅಂತ ಭೂವಿಜ್ಞಾನಿಗಳು ಹೇಳತೊಡಗಿದರು. ತಪ್ಪಿದ್ದು ಗೆಲಕ್ಸಿಗಳ ದೂರ ಅಳೆದದ್ದರಲ್ಲಿ. ಅದು ಸರಿಯಾಗತೊಡಗಿದ್ದು 1950ರ ದಶಕದಲ್ಲಿ. ಅವರದ್ದು ದೂರ ಅಳೆಯುವಲ್ಲಿ ತಪ್ಪು, ನನ್ನದು ಬಿಲಿಯನ್ ತಿಳಿಯದ ತಪ್ಪು. ಆದರೂ ಸ್ವಲ್ಪ ಸಮಾಧಾನವಾಯಿತು.

ಆದ್ದರಿಂದ ಪುಸ್ತಕ ಶುರು ಮಾಡುವ ಮೊದಲೇ ಇಷ್ಟನ್ನು ಬರೆದಿಟ್ಟುಕೊಳ್ಳಿ: ಮಿಲಿಯನ್ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ಯಾವ ಸಂಖ್ಯೆ ಬಂದರೂ ಮೊದಲು ನಮ್ಮ ಲಕ್ಷ-ಕೋಟಿಗೆ ಇಳಿಸಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ಚಂದ್ರ ಸರಾಸರಿ 3,84,400 ಕಿ.ಮೀ. ದೂರ. ಹಾಗಾದರೆ ಚಂದ್ರನ ಬೆಳಕು ನಮಗೆ ತಲುಪಲು ಒಂದೂಕಾಲು ಸೆಕೆಂಡು ಚಿಲ್ಲರೆ. ಇದನ್ನು ಪುಸ್ತಕ ಹೇಳುವ ಮೊದಲು ನೀವೇ ಭಾಗಿಸಿ ನೋಡಬೇಕು. ಉತ್ತರ ತಾಳೆಯಾದಾಗ ಸಿಗುವ ಖುಷಿ ಓದಿದ್ದರಲ್ಲಿ ಇಲ್ಲ.

ಮಲ್ಪೆಯಲ್ಲಿ ಜೀಗುಜ್ಜೆ

ಸಂಖ್ಯೆ ತಲೆಗೆ ಹತ್ತಿದರೆ ಸಾಲದು, ಕಾಲಿಗೂ ಹತ್ತಬೇಕು. ಒಂದು ಸಂಜೆ ಮಗಳನ್ನು ಕರೆದುಕೊಂಡು ಮಲ್ಪೆ ಬೀಚಿಗೆ ಹೋದೆ. ಕೈಚೀಲದಲ್ಲಿ ಒಂದು ಸಣ್ಣ ಜೀಗುಜ್ಜೆ (ಹಲಸಿನ ಜಾತಿಯ ಉರುಟು ಕಾಯಿ), ಕಾಗದದಲ್ಲಿ ಕಟ್ಟಿದ ಸಾಸಿವೆ, ಎರಡು ಗೋಲಿ. ಸೂರ್ಯನ ಅಡ್ಡಳತೆ ಸುಮಾರು 13.9 ಲಕ್ಷ ಕಿ.ಮೀ. ಎಲ್ಲವನ್ನೂ ಸಾವಿರ ಕೋಟಿ ಪಟ್ಟು ಕಿರಿದು ಮಾಡಿದರೆ ಅದು 14 ಸೆಂಟಿಮೀಟರು. ನಮ್ಮ ಜೀಗುಜ್ಜೆ ಸ್ಕೇಲಿನಲ್ಲಿ ಅಷ್ಟೇ ಬಂತು, ಒಂದು ಬದಿ ಸ್ವಲ್ಪ ಚಪ್ಪಟೆ. ಭೂಮಿ ಒಂದೂಕಾಲು ಮಿಲಿಮೀಟರು, ಅಂದರೆ ಸಾಸಿವೆ ಕಾಳು. ಅದನ್ನು ಇಡಬೇಕಾದ್ದು ಜೀಗುಜ್ಜೆಯಿಂದ 15 ಮೀಟರ್ ಆಚೆ.

ಇಪ್ಪತ್ತು ಹೆಜ್ಜೆ ನಡೆದೆವು. ಸಾಸಿವೆ ಇಟ್ಟೆವು. ಇಟ್ಟ ಕ್ಷಣವೇ ಮರಳಿನಲ್ಲಿ ಕಾಣೆ. "ಅಪ್ಪಾ, ಭೂಮಿ ಕಳೆದುಹೋಯ್ತು" ಅಂದಳು. ಎರಡನೇ ಭೂಮಿಯನ್ನು ಅಡಿಕೆ ಹಾಳೆಯ ತಟ್ಟೆಯ ಮೇಲೆ ಇಟ್ಟೆವು. ನೀವು ಮಾಡುವುದಾದರೆ ಮೊದಲೇ ತಟ್ಟೆ ಒಯ್ಯಿರಿ. ಚಂದ್ರ ಸಾಸಿವೆಯಿಂದ ನಾಲ್ಕು ಸೆಂಟಿಮೀಟರಿಗೂ ಕಡಿಮೆ ದೂರದಲ್ಲಿ ಒಂದು ಮರಳ ಕಣ. ಮನುಷ್ಯ ಇವತ್ತಿನವರೆಗೆ ಸ್ವತಃ ಹೋದದ್ದು ಅಷ್ಟೇ ದೂರ, ಎರಡು ಬೆರಳಗಲ. ಮಗಳು ಬೆರಳಿಟ್ಟು ನೋಡಿದಳು, ಮತ್ತೆ ಜೀಗುಜ್ಜೆಯ ಕಡೆ ನೋಡಿದಳು. ಏನೂ ಮಾತಾಡಲಿಲ್ಲ.

ಗುರು ಒಂದು ಗೋಲಿ, 78 ಮೀಟರಿನಲ್ಲಿ. ಶನಿ ಇನ್ನೊಂದು ಗೋಲಿ, 143ರಲ್ಲಿ. ನೆಪ್ಚೂನ್ ಸುಮಾರು ಅರ್ಧ ಕಿಲೋಮೀಟರು. ಅಲ್ಲಿಗೆ ಹೋಗುವಷ್ಟರಲ್ಲಿ ಜೀಗುಜ್ಜೆಯನ್ನು ಒಂದು ನಾಯಿ ಮೂಸುತ್ತಿತ್ತು, ನಾವು ಓಡಿ ಬಂದೆವು. ಹತ್ತಿರದ ಬೇರೆ ನಕ್ಷತ್ರ ಪ್ರಾಕ್ಸಿಮಾ ಎಲ್ಲಿ ಇಡಬೇಕು? 4.24 ಬೆಳಕಿನ ವರ್ಷ. ಈ ಅಳತೆಯಲ್ಲಿ 4,000 ಕಿ.ಮೀ. ಮಲ್ಪೆಯಿಂದ ಸಮುದ್ರ ದಾಟಿ, ದುಬೈ ದಾಟಿ, ಕುವೈಟ್ ದಾಟಿ, ಇನ್ನೂ ಮುಂದೆ. ನಮ್ಮ ಕಡೆಯವರಿಗೆ ಗಲ್ಫ್ ಎಷ್ಟು ದೂರ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅಲ್ಲಿಯವರೆಗೆ ನಡುವೆ ಹೆಚ್ಚುಕಡಿಮೆ ಏನೂ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಳಕು. ಇದೇ ಅಳತೆಯಲ್ಲಿ ಬೆಳಕಿನ ವೇಗವನ್ನೂ ಕಿರಿದು ಮಾಡಿದರೆ ಸೆಕೆಂಡಿಗೆ ಮೂರು ಸೆಂಟಿಮೀಟರು. ಇರುವೆ ನಡೆದ ಹಾಗೆ. ಜೀಗುಜ್ಜೆಯಿಂದ ಹೊರಟ ಇರುವೆ ಸಾಸಿವೆಗೆ ಬರಲು ಎಂಟು ನಿಮಿಷ ಚಿಲ್ಲರೆ. ಈಗ ಯಾವ ಪುಸ್ತಕದಲ್ಲಿ ಬೆಳಕಿನ ವರ್ಷ ಅಂತ ಬಂದರೂ ನನಗೆ ಆ ಇರುವೆ ಕಾಣುತ್ತದೆ. ಕುವೈಟಿನ ಆಚೆಯಿಂದ ನಾಲ್ಕೂಕಾಲು ವರ್ಷ ನಡೆದು ಬರುವ ಇರುವೆ.

ಕಾಲಕ್ಕೂ ಹೀಗೇ ಒಂದು ಮೊಳೆ ಹೊಡೆದುಕೊಳ್ಳಿ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಿಂದಿನವು. 2019ರಲ್ಲಿ ಮೊದಲ ಸಲ ಕಪ್ಪು ಕುಳಿಯ ಚಿತ್ರ ಬಂತಲ್ಲ, ಕಿತ್ತಳೆ ಬಣ್ಣದ ಉದ್ದಿನವಡೆಯ ಹಾಗೆ, ಅದರ ಬೆಳಕು ಹೊರಟದ್ದು ಸುಮಾರು 5.5 ಕೋಟಿ ವರ್ಷ ಹಿಂದೆ. ಆ ಹೊತ್ತಿಗೆ ನಾವು ಕೂತು ಚುರುಮುರಿ ತಿನ್ನುವ ಆ ಕಲ್ಲಿಗೆ ಮೂರು ಕೋಟಿ ವರ್ಷ ದಾಟಿತ್ತು.

ನಗದು, ಬಾಕಿ, ಬಾಯಿಮಾತು

ಇದು ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ. ಪುಸ್ತಕದಲ್ಲಿ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿರುತ್ತಾರೆ. ಅಳೆದು ನೋಡಿದ್ದು, ಲೆಕ್ಕ ಹಾಕಿ ನಂಬಿದ್ದು, ಬರೀ ಊಹೆ ಮಾಡಿದ್ದು ಎಲ್ಲವೂ ಒಂದರ ಪಕ್ಕ ಒಂದು ಕೂತಿರುತ್ತವೆ. ಅನುವಾದದಲ್ಲಿ ಇನ್ನೂ ಕಷ್ಟ. ಮೂಲದಲ್ಲಿ 'ಇರಬಹುದು' ಅಂತ ಇದ್ದದ್ದು ಕನ್ನಡಕ್ಕೆ ಬರುವಾಗ 'ಇದೆ' ಆಗಿಬಿಡುತ್ತದೆ.

ಆದ್ದರಿಂದ ನಾನು ಮಾರ್ಜಿನ್ನಿನಲ್ಲಿ ಮೂರು ಗುರುತು ಹಾಕುತ್ತೇನೆ. 'ನ' ಅಂದರೆ ನಗದು, ಕೈಯಲ್ಲಿದೆ, ಎಣಿಸಿ ಆಗಿದೆ. 'ಬಾ' ಅಂದರೆ ಬರಬೇಕಾದ ಬಾಕಿ, ಚೀಟಿ ಇದೆ, ದುಡ್ಡು ಕೈಗೆ ಬಂದಿಲ್ಲ. 'ಮಾ' ಅಂದರೆ ಮಾತು, "ಮುಂದಿನ ತಿಂಗಳು ಗ್ಯಾರಂಟಿ ಕೊಡ್ತೇನೆ ಮಾರಾಯ್ರೆ" ಅನ್ನುವ ಥರದ್ದು. ಆಕಾಶದ ಎಲ್ಲ ಕಡೆಯಿಂದಲೂ ಬರುವ ಮಹಾಸ್ಫೋಟದ ಅಳಿದುಳಿದ ಮಂದ ವಿಕಿರಣ 1965ರಿಂದ ನಗದು. ನಮ್ಮದಲ್ಲದೆ ಬೇರೆ ಬ್ರಹ್ಮಾಂಡಗಳೂ ಇವೆ ಅನ್ನುವುದು ಸದ್ಯಕ್ಕೆ ಮಾತು. ಕೇಳಲು ಚೆನ್ನಾಗಿರುತ್ತದೆ, ಲೆಡ್ಜರಿಗೆ ಹತ್ತಿಸುವ ಹಾಗಿಲ್ಲ.

ಬಾಕಿ ವಸೂಲಾಗುವುದೂ ಉಂಟು. ಗುರುತ್ವದ ಅಲೆಗಳಿವೆ, ಅಂದರೆ ದೇಶ-ಕಾಲವೇ ಅಲೆಯಲೆಯಾಗಿ ನಡುಗುತ್ತದೆ ಅಂತ ಐನ್‌ಸ್ಟೈನ್ ಹೇಳಿದ್ದು 1916ರಲ್ಲಿ. ನನ್ನ ಹಳೆಯ ಪುಸ್ತಕವೊಂದರಲ್ಲಿ ಅದಕ್ಕೆ 'ಬಾ' ಅಂತ ಬರೆದಿದ್ದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳು ಆ ಅಲೆಯನ್ನು ಹಿಡಿದವು. ಎರಡು ಕಪ್ಪು ಕುಳಿಗಳು 130 ಕೋಟಿ ವರ್ಷ ಹಿಂದೆ ಒಂದಾದ ನಡುಕ ಅದು. ಆ ಯಂತ್ರದ ನಾಲ್ಕು ಕಿಲೋಮೀಟರ್ ಉದ್ದದ ತೋಳು ಆ ನಡುಕಕ್ಕೆ, ಪರಮಾಣುವಿನೊಳಗಿನ ಕಣವಾದ ಒಂದು ಪ್ರೋಟಾನಿನ ಅಗಲದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅಲುಗಿತು, ಅದನ್ನೂ ಅಳೆದರು. ಸುದ್ದಿ ಬಂದದ್ದು ಮರುವರ್ಷ ಫೆಬ್ರುವರಿಯಲ್ಲಿ. ಆ ದಿನ ಕೆಂಪು ಪೆನ್ನಿನಲ್ಲಿ 'ಬಾ' ಹೊಡೆದು 'ನ' ಬರೆದೆ. ಕೈ ಸ್ವಲ್ಪ ನಡುಗಿತು ಅಂದರೆ ನೀವು ನಗಬಾರದು.

ಎಲ್ಲಕ್ಕಿಂತ ರಸವತ್ತಾದದ್ದು ಲೆಕ್ಕ ತಾಳೆಯಾಗದ ಕಥೆಗಳು. ಪುಸ್ತಕದಲ್ಲಿ ಅವು ಬಂದಾಗ ನಿಧಾನ ಮಾಡಿ, ಆ ದಿನ ಎರಡೇ ಪುಟ ಓದಿದರೂ ಅಡ್ಡಿಯಿಲ್ಲ. ಯುರೇನಸ್ ಗ್ರಹ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತಿರಲಿಲ್ಲ. ಆಚೆ ಇನ್ನೊಂದು ಗ್ರಹ ಇದನ್ನು ಎಳೆಯುತ್ತಿರಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿ ಜಾಗ ಹೇಳಿದರು. 1846ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕ ಆ ಕಡೆ ತಿರುಗಿಸಿದರೆ ನೆಪ್ಚೂನ್ ಅಲ್ಲೇ ಇತ್ತು. ಅಂದರೆ ಒಂದು ಎಂಟ್ರಿ ಬರೆಯಲು ಬಿಟ್ಟುಹೋಗಿತ್ತು.

ಬುಧ ಗ್ರಹವೂ ತಾಳೆಯಾಗುತ್ತಿರಲಿಲ್ಲ. ಅದರ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಆರ್ಕ್‌ಸೆಕೆಂಡು) ಜಾಸ್ತಿ ತಿರುಗುತ್ತಿತ್ತು. ಇಲ್ಲೂ ಒಂದು ಗ್ರಹ ಬಿಟ್ಟುಹೋಗಿರಬೇಕು ಅಂತ ಅದಕ್ಕೆ ವಲ್ಕನ್ ಅಂತ ಹೆಸರಿಟ್ಟು ದಶಕಗಟ್ಟಲೆ ಹುಡುಕಿದರು. ಸಿಗಲಿಲ್ಲ, ಯಾಕೆಂದರೆ ಇರಲಿಲ್ಲ. ಇಲ್ಲಿ ತಪ್ಪಿದ್ದು ಎಂಟ್ರಿಯಲ್ಲ, ಬಡ್ಡಿ ಹಾಕುವ ಸೂತ್ರವೇ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸೂತ್ರ ತಂದಾಗ ಆ 43 ಸರಿಯಾಗಿ ಬಂದು ಕೂತಿತು.

ಈಗ ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ ವಸ್ತುವಿನ ಅಧ್ಯಾಯಕ್ಕೆ ಬನ್ನಿ. ಗೆಲಕ್ಸಿಗಳ ಅಂಚಿನ ನಕ್ಷತ್ರಗಳು ಇರಬೇಕಾದ್ದಕ್ಕಿಂತ ಜೋರಾಗಿ ಓಡುತ್ತವೆ. ಖಗೋಳ ವಿಜ್ಞಾನಿ ವೆರಾ ರೂಬಿನ್ 1970ರಿಂದ ಒಂದರ ನಂತರ ಒಂದು ಗೆಲಕ್ಸಿ ಅಳೆದು ಇದನ್ನು ತೋರಿಸಿದರು. ಕಾಣುವ ವಸ್ತುವಿನ ತೂಕ ಸಾಲುವುದಿಲ್ಲ. ಹಾಗಾದರೆ ಇದು ನೆಪ್ಚೂನ್ ಥರವಾ, ಬುಧನ ಥರವಾ? ಎಂಟ್ರಿ ಬಿಟ್ಟುಹೋಗಿದೆಯಾ, ಸೂತ್ರ ತಪ್ಪಿದೆಯಾ? ಹೆಚ್ಚಿನ ವಿಜ್ಞಾನಿಗಳು ಎಂಟ್ರಿಯ ಕಡೆ. ಆ ವಸ್ತುವಿನ ಕಣ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ನನ್ನ ಪುಸ್ತಕದಲ್ಲಿ ತಾಳೆಯಾಗದಿರುವುದಕ್ಕೆ 'ನ', ಆ ವಸ್ತುವಿಗೆ 'ಬಾ'. ಹೀಗೆ ಎರಡು ಗುರುತು ಹಾಕಿದ ದಿನ ಆ ಅಧ್ಯಾಯ ನನಗೆ ಬಿಡಿಸಿಕೊಂಡಿತು.

ಬನ್ಸ್ ಹಿಟ್ಟು

ಹೋಲಿಕೆ ಇಲ್ಲದೆ ಈ ವಿಷಯ ಓದಲಾಗುವುದಿಲ್ಲ. ಆದರೆ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಅಂತ ಪ್ರತಿ ಸಲ ಕೇಳಿ. ಬ್ರಹ್ಮಾಂಡ ಹಿಗ್ಗುವುದನ್ನು ನಾನು ಅರ್ಥ ಮಾಡಿಕೊಂಡದ್ದು ಬನ್ಸ್ ಹಿಟ್ಟಿನಲ್ಲಿ. ರಾತ್ರಿ ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಹಾಕಿ ಕಲಸಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ರಾತ್ರಿ ಒಂದು ಬೆರಳು ದೂರದಲ್ಲಿದ್ದ ಎರಡು ಜೀರಿಗೆ ಬೆಳಿಗ್ಗೆ ಎರಡು ಬೆರಳು ದೂರ ಆಯಿತು ಅಂದುಕೊಳ್ಳಿ. ಆಗ ಮೂರು ಬೆರಳು ದೂರ ಇದ್ದದ್ದು ಆರು ಆಗಿರುತ್ತದೆ. ಅದೇ ಒಂದು ರಾತ್ರಿಯಲ್ಲಿ. ಅಂದರೆ ದೂರದ್ದು ಜೋರಾಗಿ ಓಡಿದ ಹಾಗೆ. ಯಾವ ಜೀರಿಗೆಯ ಮೇಲೆ ಕೂತು ನೋಡಿದರೂ ಉಳಿದವೆಲ್ಲ ತನ್ನಿಂದಲೇ ಓಡುತ್ತಿವೆ ಅನ್ನಿಸುತ್ತದೆ.

ಮುರಿಯುವುದು ಎಲ್ಲಿ? ಹಿಟ್ಟಿಗೆ ಅಂಚು ಇದೆ, ಪಾತ್ರೆಯಲ್ಲಿ ಖಾಲಿ ಜಾಗ ಇದೆ. ಬ್ರಹ್ಮಾಂಡ ಯಾವುದೋ ಖಾಲಿ ಪಾತ್ರೆಯೊಳಗೆ ಉಬ್ಬುತ್ತಿಲ್ಲ, ಜಾಗವೇ ಹಿಗ್ಗುತ್ತಿದೆ. ಇನ್ನೊಂದು, ಹತ್ತಿರದ ಜೀರಿಗೆಗಳು ಒಂದನ್ನೊಂದು ಎಳೆಯುವುದಿಲ್ಲ. ಗೆಲಕ್ಸಿಗಳು ಎಳೆಯುತ್ತವೆ. 25 ಲಕ್ಷ ಬೆಳಕಿನ ವರ್ಷ ದೂರದ ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿದೆ.

ಹಿಗ್ಗುವ ವೇಗ ಸುಮಾರು 70. ಅಂದರೆ ಪ್ರತಿ 32.6 ಲಕ್ಷ ಬೆಳಕಿನ ವರ್ಷ ದೂರಕ್ಕೆ ಸೆಕೆಂಡಿಗೆ 70 ಕಿ.ಮೀ. ಕೂಡಿಸುತ್ತಾ ಹೋಗುವುದು. ಒಂದು ದಾರಿಯಲ್ಲಿ ಅಳೆದರೆ 67 ಬರುತ್ತದೆ, ಇನ್ನೊಂದು ದಾರಿಯಲ್ಲಿ 73, ಎರಡೂ ತಾಳೆಯಾಗುವುದಿಲ್ಲ. ಹೊಸ ಪುಸ್ತಕ ಕೊಂಡರೆ ಮೊದಲು ಇದರ ಬಗ್ಗೆ ಏನು ಬರೆದಿದ್ದಾರೆ ನೋಡಿ. ಏನೂ ಬರೆಯದೆ ಹಾರಿಸಿದ್ದರೆ ಅವರು ಖಾತೆ ಪೂರ್ತಿ ತೋರಿಸುತ್ತಿಲ್ಲ.

ಪತ್ತನಾಜೆಯಿಂದ ದೀಪಾವಳಿಗೆ ಪುಸ್ತಕ

ನಮ್ಮ ಕರಾವಳಿಯಲ್ಲಿ ಓದುವ ಕಾಲ, ನೋಡುವ ಕಾಲ ಅಂತ ಎರಡು ಇವೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನಕ್ಕೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಆಕಾಶವೂ ಬಾಗಿಲು ಹಾಕುತ್ತದೆ. ಆಗ ಪುಸ್ತಕ. ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಟ ಮೇಲೆ ಆಕಾಶ. ರಾತ್ರಿ ಬಯಲಾಟ ನೋಡಲು ಹೋದಾಗ ಮಧ್ಯದಲ್ಲಿ ಎದ್ದು ಗದ್ದೆಯ ಅಂಚಿಗೆ ಬಂದು ತಲೆ ಎತ್ತಿದರಾಯಿತು.

ದೂರದರ್ಶಕ ಕೊಳ್ಳಲು ಅವಸರ ಬೇಡ. ಮುಷ್ಟಿ ಸಾಕು. ಕೈ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ. ಉತ್ತರದ ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಅಲ್ಲಿ ಧ್ರುವ ನಕ್ಷತ್ರ. ಉಡುಪಿಯ ಅಕ್ಷಾಂಶ 13 ಡಿಗ್ರಿ ಅನ್ನುವುದನ್ನು ಹೀಗೆ ಕೈಯಲ್ಲೇ ಅಳೆದಾಯಿತು. ಗುರು, ಶನಿ ನೋಡಬೇಕಾದರೆ ಪೂರ್ಣಪ್ರಜ್ಞ ಕಾಲೇಜಿನ ಖಗೋಳ ಹವ್ಯಾಸಿಗಳು ವೀಕ್ಷಣೆ ಇಟ್ಟಾಗ ಹೋಗಿ. ಮಂಗಳೂರಿನವರಿಗೆ ಪಿಲಿಕುಳದ ತಾರಾಲಯ ಇದೆ. ಮಳೆಗಾಲದಲ್ಲಿ ನಕ್ಷತ್ರ ಕಾಣುವ ಜಾಗ ಅದೊಂದೇ.

ಮಳೆ ನಕ್ಷತ್ರದ ಹೆಸರು ನಮಗೆಲ್ಲ ಬಾಯಿಪಾಠ. ಆದರೆ ಆರ್ದ್ರಾ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರ ಎಲ್ಲಿರುತ್ತದೆ? ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ಹಾಗಾಗಿ ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅದನ್ನು ನೋಡಬೇಕಾದ್ದು ಜನವರಿಯ ಸಂಜೆ, ಕೆಂಪಗೆ ಇರುತ್ತದೆ.

ಅದೇ ಆರ್ದ್ರೆ ನನಗೆ ಪೇಪರು ಓದುವುದನ್ನೂ ಕಲಿಸಿತು. 2019ರ ಕೊನೆಗೆ ಅದು ಮಂಕಾಗತೊಡಗಿತು. ಇನ್ನೇನು ಸಿಡಿಯುತ್ತದೆ, ಹಗಲಲ್ಲೂ ಕಾಣುತ್ತದೆ ಅಂತ ಸುದ್ದಿ. ನಾನು ಗಿರಾಕಿಗಳಿಗೆಲ್ಲ ದಿನಾ ಆಕಾಶ ನೋಡಿ ಅಂತ ಡಂಗುರ ಹೊಡೆದೆ. ಫೆಬ್ರುವರಿ ಕಳೆದ ಮೇಲೆ ಅದು ಮತ್ತೆ ಮೊದಲಿನ ಹಾಗೆ ಬೆಳಗಿತು. ನಕ್ಷತ್ರವೇ ಉಗುಳಿದ ಧೂಳಿನ ಮೋಡ ಅಡ್ಡ ಬಂದಿತ್ತಂತೆ. ಒಂದು ದಿನ ಅದು ಸಿಡಿಯುವುದು ಹೌದು, ಆದರೆ ವಿಜ್ಞಾನಿಗಳ 'ಇನ್ನೇನು' ಅಂದರೆ ಲಕ್ಷ ವರ್ಷವೂ ಆಗಬಹುದು. ಆ ವರ್ಷ ಪೂರ್ತಿ ಗೂಡಂಗಡಿಯವರು ದುಡ್ಡಿನ ಜೊತೆ ಒಂದು ಪ್ರಶ್ನೆಯನ್ನೂ ಕೊಡುತ್ತಿದ್ದರು: "ಪಿಗ್ಮಿಯವ್ರೇ, ನಿಮ್ಮ ನಕ್ಷತ್ರ ಒಡೀತಾ?" ಈಗ ಪೇಪರಿನ ತಲೆಬರಹಕ್ಕೂ ಪೆನ್ಸಿಲಿನಲ್ಲಿ ಮೊದಲು 'ಮಾ' ಬರೆದೇ ಒಳಗೆ ಓದುವುದು.

ಮಾನ ವಾಪಸ್ಸು ಬಂದದ್ದು ಒಂದು ಏಪ್ರಿಲಿನಲ್ಲಿ. ಏಪ್ರಿಲ್ 25ರ ಆಸುಪಾಸು ಉಡುಪಿಯಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಮಂಗಳೂರಿನಲ್ಲಿ ಒಂದು ದಿನ ಮೊದಲು. ಹನ್ನೆರಡು ಗಂಟೆಗಲ್ಲ, ಹನ್ನೆರಡೂ ಇಪ್ಪತ್ತೊಂಬತ್ತಕ್ಕೆ. ನಮ್ಮ ಗಡಿಯಾರದ ಸಮಯ ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶದ್ದು, ಅದಕ್ಕೇ ಈ ಅರ್ಧ ಗಂಟೆ ತಡ. ಹೂವಿನಂಗಡಿ ಅಕ್ಕನ ಸ್ಟೀಲ್ ಲೋಟವನ್ನು ಕವುಚಿ ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟೆ. ಹನ್ನೆರಡೂ ಇಪ್ಪತ್ತಕ್ಕೆ ನೆರಳು ಉಗುರಿನಷ್ಟು ಇತ್ತು. ಆಮೇಲೆ ನೂಲಿನಷ್ಟು. ಆಮೇಲೆ ಇಲ್ಲ. ಪಕ್ಕದ ಅಂಗಡಿಯವರು, ಆಟೋದವರು, ಎಲ್ಲ ಬಗ್ಗಿ ನೋಡಿದರು. ಅಕ್ಕ ಲೋಟ ಸ್ವಲ್ಪ ಆಚೆ ಸರಿಸಿ ಅಲ್ಲೂ ನೆರಳಿಲ್ಲ ಅಂತ ಖಾತ್ರಿ ಮಾಡಿಕೊಂಡರು.

"ಇನ್ನು ಬರುವ ವರ್ಷವಾ?" ಅಂತ ಕೇಳಿದರು.

"ಇಲ್ಲ, ಆಗಸ್ಟ್ 17ಕ್ಕೆ ಇನ್ನೊಮ್ಮೆ ಉಂಟು. ಹನ್ನೆರಡೂ ಮೂವತ್ತೈದಕ್ಕೆ."

"ಆಗ ಮಳೆಯಲ್ವಾ?" ಅಂದರು, ಲೋಟ ಎತ್ತಿ ನೀರು ಬಗ್ಗಿಸಿಕೊಳ್ಳುತ್ತಾ.